ಒಪೆರಾ ನೋಡಿ ಮರಳಿದವರು

ಲಂಡನ್ನಿಗೋ ನ್ಯೂಯಾರ್ಕಿಗೋ ಹೋದ ನಮ್ಮವರು ಅಲ್ಲಿನ ಒಂದಾದರೂ ಸಂಗೀತ ನಾಟಕವನ್ನು ನೋಡಿ ಬರುವುದು ಈಗ ಪ್ರವಾಸದ ಭಾಗವೇ ಆಗಿದೆ. ದುಬಾರಿ ಟಿಕೆಟು, ಮಖಮಲ್ಲಿನ ಕುರ್ಚಿ, ಕಣ್ಣು ಕೋರೈಸುವ ಬೆಳಕು. ಊರಿಗೆ ಮರಳಿದ ಮೇಲೆ ನಾಲ್ಕು ಮಾತು, ಅಲ್ಲಿಗೆ ಮುಗಿಯಿತು. ಆದರೆ ಹೀಗೆ ನೋಡಿ ಬಂದವರ ಚರಿತ್ರೆಗೆ ಮುನ್ನೂರು ವರ್ಷ ವಯಸ್ಸಾಗಿದೆ. ಪೂರ್ವದ ನಾಡುಗಳಿಂದ ಯುರೋಪಿಗೆ ಹೋದ ರಾಯಭಾರಿಗಳು, ಇಮಾಮರು, ವ್ಯಾಪಾರಿಗಳು ಅಲ್ಲಿನ ರಂಗಮಂದಿರಗಳಲ್ಲಿ ಕುಳಿತು ನೋಡಿದರು, ಹಲವರು ಬರೆದಿಟ್ಟರು, ಕೆಲವರು ಕಂಡದ್ದನ್ನು ಮನೆಗೂ ತಂದರು. ತಂದದ್ದು ಯಾವ ನೆಲದಲ್ಲಿ ಬೇರು ಬಿಟ್ಟಿತು, ಎಲ್ಲಿ ಒಣಗಿತು ಎಂಬುದು ಒಪೆರಾಕ್ಕಿಂತ ಸ್ವಾರಸ್ಯದ ಕಥೆ.

ಉಸ್ಮಾನಿ ಸುಲ್ತಾನ ಮೂರನೆಯ ಅಹ್ಮದ್ 1720ರಲ್ಲಿ ಮೆಹ್ಮದ್ ಚೆಲೆಬಿ ಎಂಬವರನ್ನು ಫ್ರಾನ್ಸಿಗೆ ರಾಯಭಾರಿಯಾಗಿ ಕಳುಹಿಸಿದರು. ಸೈನ್ಯದ 28ನೆಯ ತುಕಡಿಯಲ್ಲಿದ್ದವರಾದ್ದರಿಂದ ಅವರಿಗೆ 'ಇಪ್ಪತ್ತೆಂಟು' ಎಂಬುದೇ ಅಡ್ಡಹೆಸರು. ಮರುವರ್ಷ ಪ್ಯಾರಿಸ್ಸಿನಲ್ಲಿ ಅವರು ಒಪೆರಾ ನೋಡಿದರು. ಹಾಡು, ಕುಣಿತ, ವಾದ್ಯಗಳ ಮೂಲಕ ಒಂದು ಕಥೆಯನ್ನೇ ಕಣ್ಣೆದುರು ತೋರಿಸುವ ಈ ಆಟವನ್ನು ಅವರು ತಮ್ಮ ರಾಯಭಾರದ ವರದಿಯಲ್ಲಿ ಬೆರಗಿನಿಂದ ವರ್ಣಿಸಿದ್ದಾರೆ. ಬೆರಗು ಬೆರಗಾಗಿಯೇ ಉಳಿಯಿತು.

ಲಕ್ನೋದ ಮಿರ್ಝಾ ಅಬೂತಾಲಿಬ್ ಖಾನ್ ಕಲ್ಕತ್ತಾದಿಂದ ಹಡಗು ಹತ್ತಿದ್ದು 1799ರಲ್ಲಿ, ಲಂಡನ್ ತಲುಪಿದ್ದು 1800ರ ಆರಂಭದಲ್ಲಿ. ಅವರ ಫಾರ್ಸಿ ಪ್ರವಾಸ ಕಥನದಲ್ಲಿ ಅಲ್ಲಿನ ವಿನೋದಗಳಿಗೂ ಜಾಗ ಸಿಕ್ಕಿದೆ. ಆ ಲಂಡನ್ ಎಂಥದೆಂಬುದನ್ನು ಕನ್ನಡಿಗರಾದ ನಾವು ಮರೆಯುವಂತಿಲ್ಲ. ಟಿಪ್ಪು ಸುಲ್ತಾನರೊಡನೆ ನಡೆದ ಯುದ್ಧಗಳು 1790ರ ದಶಕದಲ್ಲಿ ಅಲ್ಲಿನ ಆಸ್ಟ್ಲಿಯ ರಂಗದಲ್ಲಿ ಕುದುರೆ, ಹಾಡು, ಮದ್ದುಗುಂಡಿನ ಸದ್ದಿನೊಂದಿಗೆ ಪ್ರದರ್ಶನಗೊಳ್ಳುತ್ತಿದ್ದವು. ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಅದರ ಪತನದ ಬೃಹತ್ ಚಿತ್ರವನ್ನು ರಾಬರ್ಟ್ ಕರ್ ಪೋರ್ಟರ್ ಬರೆದು ಪ್ರದರ್ಶನಕ್ಕಿಟ್ಟರು. ಜನ ಹಣ ಕೊಟ್ಟು ನೋಡಿದರು. ಒಬ್ಬರ ಸಾವು ಇನ್ನೊಬ್ಬರ ಸಂಜೆಯ ಮನರಂಜನೆ. ಪರದೇಶದ ರಂಗಮಂದಿರದಲ್ಲಿ ಕುಳಿತವನಿಗೆ ಬರೀ ಕಲೆಯಷ್ಟೇ ಕಾಣಿಸುವುದಿಲ್ಲ.

ಅಲ್‌ಅಝ್‌ಹರಿನ ವಿದ್ವಾಂಸ ರಿಫಾಅ ಅತ್ತಹ್ತಾವಿಯವರದು ಬೇರೆ ಬಗೆಯ ನೋಟ. ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ 1826ರಲ್ಲಿ ಪ್ಯಾರಿಸ್ಸಿಗೆ ಕಳುಹಿಸಿದ ವಿದ್ಯಾರ್ಥಿಗಳ ತಂಡಕ್ಕೆ ಅವರು ಇಮಾಮರು. ನಮಾಝಿಗೆ ನೇತೃತ್ವ ಕೊಡಲು ಹೋದವರು ಫ್ರೆಂಚ್ ಕಲಿತು, ವಿದ್ಯಾರ್ಥಿಗಳಿಗಿಂತ ಹೆಚ್ಚು ಓದಿ, 1831ರಲ್ಲಿ ಮರಳಿದರು. 1834ರಲ್ಲಿ ಅಚ್ಚಾದ ಅವರ ಪ್ರವಾಸ ಗ್ರಂಥದಲ್ಲಿ ಪ್ಯಾರಿಸ್ಸಿನ ವಿನೋದಗಳ ಕುರಿತೇ ಒಂದು ಭಾಗವಿದೆ. ಅಲ್ಲಿ ಅವರಿಗೆ ಎದುರಾದ ಮೊದಲ ತೊಡಕು ಧಾರ್ಮಿಕವಾದದ್ದಲ್ಲ, ಭಾಷೆಯದು. 'ಥಿಯೇಟರ್' ಎಂಬುದಕ್ಕೆ ಸರಿಹೊಂದುವ ಅರಬಿ ಪದ ತಮಗೆ ತಿಳಿದಿಲ್ಲವೆಂದು ಹೇಳಿ, ಫ್ರೆಂಚ್ ಪದವನ್ನೇ ಅರಬಿ ಲಿಪಿಯಲ್ಲಿ ಬರೆದರು. ಅಗ್ಗದ ಹೋಲಿಕೆಯಿಂದ ಓದುಗನನ್ನು ದಾರಿ ತಪ್ಪಿಸುವುದಕ್ಕಿಂತ ಹೊಸ ಪದವನ್ನೇ ಕಲಿಸುವುದು ಲೇಸೆಂದು ಅವರು ಭಾವಿಸಿರಬೇಕು.

ನಂತರ ಅವರು ತೂಗಿ ನೋಡುತ್ತಾರೆ. ನಗಿಸುತ್ತಲೇ ನೀತಿಯನ್ನು ಕಲಿಸುವ, ಒಳಿತನ್ನು ಹೊಗಳಿ ಕೆಡುಕನ್ನು ಜರೆಯುವ ಈ ನಾಟಕಶಾಲೆ ಒಂದು ಬಗೆಯ ಪಾಠಶಾಲೆ ಎನ್ನುತ್ತಾರೆ. ಅದರೊಳಗೆ ಸೈತಾನನ ಕೈವಾಡವೂ ಬಹಳವಿದೆ, ಅದಿಲ್ಲದಿದ್ದರೆ ಇದನ್ನು ಮಹಾ ಉಪಕಾರದ ಸಂಸ್ಥೆಗಳ ಸಾಲಿಗೆ ಸೇರಿಸಬಹುದಿತ್ತು ಎಂದೂ ಹೇಳುತ್ತಾರೆ. ಹೊಗಳಿಕೆ, ಆಕ್ಷೇಪ ಎರಡೂ ಜೊತೆಯಲ್ಲೇ ಇವೆ. ನೋಡದೆಯೇ ತೀರ್ಪು ಕೊಡುವವರಿಗೂ, ನೋಡಿದೊಡನೆ ಮರುಳಾಗುವವರಿಗೂ ಈ ಬಗೆಯ ಬರವಣಿಗೆ ಸಾಧ್ಯವಿಲ್ಲ.

ಕಂಡದ್ದನ್ನು ಮನೆಗೆ ತಂದವರು ಬೈರೂತಿನ ವ್ಯಾಪಾರಿ, ಮಾರೋನೈಟ್ ಕ್ರೈಸ್ತರಾದ ಮಾರೂನ್ ಅನ್ನಖ್ಖಾಶ್. ಅವರು 1846ರಲ್ಲಿ ಇಟಲಿಗೆ ಹೋಗಿ ಅಲ್ಲಿನ ರಂಗಮಂದಿರಗಳನ್ನು ಕಂಡರು. ಮರಳಿದ ಮೇಲೆ ಬೈರೂತಿನ ತಮ್ಮ ಮನೆಯಲ್ಲೇ 'ಜಿಪುಣ' ಎಂಬರ್ಥದ 'ಅಲ್‌ಬಖೀಲ್' ನಾಟಕವನ್ನು ಆಡಿಸಿದರು. ಹೆಸರು ಮೋಲಿಯೇರನನ್ನು ನೆನಪಿಸುತ್ತದೆ, ಕಥೆ ಬಹುಪಾಲು ಅವರದೇ. ಮಾತಿನ ನಾಟಕ, ಹಾಡಿನ ನಾಟಕ ಎರಡನ್ನೂ ಅವರು ಇಟಲಿಯಲ್ಲಿ ನೋಡಿದ್ದರು. ಮಾತಿನ ನಾಟಕವನ್ನು ಆಡುವುದೇ ಸುಲಭವೆಂದು ಗೊತ್ತಿದ್ದೂ ಹಾಡಿನದನ್ನೇ ಆರಿಸಿಕೊಂಡರು. ತನಗೆ ಅದೇ ಇಷ್ಟ, ತನ್ನ ಜನರಿಗೂ ಅದೇ ಹಿಡಿಸೀತು ಎಂಬುದು ಅವರು ಕೊಟ್ಟ ಕಾರಣ. ಹಾಡಿಲ್ಲದಿದ್ದರೆ ಟಿಕೆಟು ಖರ್ಚಾಗದ ಕಂಪೆನಿ ನಾಟಕಗಳನ್ನು ಬಲ್ಲ ನಮಗೆ ಆ ಲೆಕ್ಕಾಚಾರವನ್ನು ವಿವರಿಸಬೇಕಾಗಿಲ್ಲ.

ಸಾವಿರದೊಂದು ರಾತ್ರಿಗಳ ಕಥೆಯೊಂದನ್ನು ಆಧರಿಸಿ, ಖಲೀಫ ಹಾರೂನ್ ರಶೀದರೇ ಪಾತ್ರವಾಗಿರುವ ಇನ್ನೊಂದು ನಾಟಕವನ್ನೂ ಅವರು ಬರೆದರು. 1850ರಲ್ಲಿ ಅದನ್ನು ನೋಡಿದ ಬ್ರಿಟಿಷ್ ಪ್ರವಾಸಿ ಡೇವಿಡ್ ಅರ್ಕರ್ಟ್ ಒಂದು ತಮಾಷೆಯ ಸಂಗತಿಯನ್ನು ದಾಖಲಿಸಿದ್ದಾರೆ. ವೇದಿಕೆಯ ಅಂಚಿನ ದೀಪಗಳೂ, ಮಾತು ಮರೆತ ನಟನಿಗೆ ನೆನಪಿಸುವವನು ಕೂರುವ ಗೂಡೂ ಅಲ್ಲಿದ್ದವು. ಅವುಗಳ ಅಗತ್ಯವೇ ಆ ಮನೆಯಂಗಳದಲ್ಲಿರಲಿಲ್ಲ. ಯುರೋಪಿನಲ್ಲಿ ಕಂಡದ್ದರಿಂದ ಇಲ್ಲಿಯೂ ಇರಲೇಬೇಕೆಂದು ಇಟ್ಟಿದ್ದರಂತೆ. ನಾವಾದರೆ ಇದನ್ನು ಗೇಲಿ ಮಾಡುವುದಿಲ್ಲ. ಗೂಡು ಇಟಲಿಯದಾದರೂ ಅದರ ಮುಂದೆ ನಿಂತು ಹಾಡಿದ ಕಥೆ ಬಗ್ದಾದಿನದಾಗಿತ್ತು. ಅನ್ನಖ್ಖಾಶ್ 1855ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ರಂಗಮಂದಿರ ಚರ್ಚ್ ಆಯಿತು.

ಈಜಿಪ್ಟಿನ ಖದೀವ ಇಸ್ಮಾಯೀಲರು ಕಂಡದ್ದನ್ನು ತಂದ ರೀತಿ ಬೇರೆ. 1867ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನ ನೋಡಿ ಬಂದ ಅವರು ಕೈರೋವನ್ನೇ ಪ್ಯಾರಿಸ್ ಮಾಡಲು ಹೊರಟರು. ತಿಂಗಳುಗಳಲ್ಲೇ ಹೆಚ್ಚಾಗಿ ಮರದಿಂದ ಕಟ್ಟಿದ ಒಪೆರಾ ಭವನ 1869ರ ನವೆಂಬರ್ 1ರಂದು ವೆರ್ಡಿಯ 'ರಿಗೊಲೆಟ್ಟೋ'ದೊಂದಿಗೆ ತೆರೆಯಿತು. 1871ರ ಡಿಸೆಂಬರ್ 24ರಂದು ಅಲ್ಲೇ 'ಐದಾ' ಮೊದಲ ಪ್ರದರ್ಶನ ಕಂಡಿತು. ವೇಷಭೂಷಣಗಳು ಯುದ್ಧದಿಂದಾಗಿ ಪ್ಯಾರಿಸ್ಸಿನಲ್ಲಿ ಸಿಕ್ಕಿಬಿದ್ದು ಅದು ತಡವಾಗಿತ್ತು. ಕಥೆ ಪ್ರಾಚೀನ ಈಜಿಪ್ಟಿನದು, ಹಾಡು ಇಟಾಲಿಯನ್ ಭಾಷೆಯದು, ಸಾಲ ಮಾತ್ರ ಈಜಿಪ್ಟಿನ ರೈತರ ತಲೆಯ ಮೇಲೆ. 1876ರಲ್ಲಿ ಖಜಾನೆ ದಿವಾಳಿಯಾಯಿತು, 1882ರಲ್ಲಿ ಬ್ರಿಟಿಷ್ ಸೈನ್ಯ ಬಂದಿಳಿಯಿತು. ಅದಕ್ಕೆ ಒಪೆರಾ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಅದೇ ದುಂದಿನ ಒಂದು ಅಂಗ ಅದೂ ಆಗಿತ್ತು. ಆ ಮರದ ಭವನ 1971ರಲ್ಲಿ ಸುಟ್ಟು ಬೂದಿಯಾಯಿತು.

ವಿಚಿತ್ರವೆಂದರೆ, ಪರಕೀಯರ ಚಾಳಿಯನ್ನು ತಂದರೆಂಬ ಏಟು ಬಿದ್ದದ್ದು ಯುರೋಪಿನಲ್ಲಿ ಒಪೆರಾ ನೋಡಿ ಬಂದಿರದ ವ್ಯಕ್ತಿಯ ಮೇಲೆ. ದಮಾಸ್ಕಸ್ಸಿನ ಅಬೂ ಖಲೀಲ್ ಅಲ್‌ಖಬ್ಬಾನಿ ಸಾಂಪ್ರದಾಯಿಕ ಅರಬಿ ಸಂಗೀತದಲ್ಲಿ ಪಳಗಿದವರು. ಮುವಶ್ಶಹ್ ಗಾಯನ, ಹಳೆಯ ಅರಬಿ ಕಥೆಗಳು, ಕುಣಿತ ಇವುಗಳನ್ನೇ ಹೆಣೆದು ನಾಟಕ ಕಟ್ಟಿದರು. ರಾಜ್ಯಪಾಲ ಮಿದ್‌ಹತ್ ಪಾಷಾ ಬೆಂಬಲಿಸಿದರು. ಆದರೆ ನಗರದ ಕೆಲವು ಶೇಖರು ಸಿಟ್ಟಾದರು. ಹುಡುಗರು ಹೆಣ್ಣುವೇಷ ಹಾಕುವುದು, ಖಲೀಫ ಹಾರೂನ್ ರಶೀದರನ್ನು ವೇದಿಕೆಯ ಮೇಲೆ ನಗೆಯ ನಡುವೆ ನಿಲ್ಲಿಸುವುದು ಅವರಿಗೆ ಸಹಿಸಲಾಗಲಿಲ್ಲ. ದೂರು ಇಸ್ತಾಂಬುಲಿನವರೆಗೆ ಹೋಯಿತು, ರಂಗಮಂದಿರ ಮುಚ್ಚಿತು. 1884ರಲ್ಲಿ ಅಲ್‌ಖಬ್ಬಾನಿ ತಂಡ ಕಟ್ಟಿಕೊಂಡು ಈಜಿಪ್ಟಿಗೆ ಹೋದರು. ದಮಾಸ್ಕಸ್ ಕಳೆದುಕೊಂಡದ್ದು ಕೈರೋಗೆ ಸಿಕ್ಕಿತು. ದೂರು ಕೊಟ್ಟವರ ಆತಂಕವೆಲ್ಲ ಸುಳ್ಳೆಂದು ನಾವು ಹೇಳಲಾರೆವು. ತಹ್ತಾವಿಯವರಿಗೂ ಅದರ ಒಂದಂಶ ಇತ್ತಲ್ಲವೇ? ಆದರೆ ತಹ್ತಾವಿ ಒಳಗೆ ಕುಳಿತು ನೋಡಿ ತೂಗಿದ್ದರು, ಇವರು ಬಾಗಿಲನ್ನೇ ಮುಚ್ಚಿಸಿದರು.

ಕೈರೋದಲ್ಲಿ ಈ ಹಾಡುನಾಟಕವನ್ನು ಜನರ ಬಾಯಿಗೆ ತಂದವರು ಶೇಖ್ ಸಲಾಮ ಹಿಜಾಝಿ. ಅಲೆಕ್ಸಾಂಡ್ರಿಯದಲ್ಲಿ ಕುರ್‌ಆನ್ ಪಾರಾಯಣ ಮಾಡುತ್ತಾ, ಅಝಾನ್ ಕರೆಯುತ್ತಾ ಬೆಳೆದ ಕಂಠ ಅವರದು. ರಂಗಕ್ಕೆ ಬಂದ ಮೇಲೂ ಶೇಖ್ ಎಂಬ ಬಿರುದು ಹೋಗಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಾನ್ಯೂಸ್ ಅಬ್ದು ಅರಬಿಗೆ ತಂದ ಷೇಕ್ಸ್‌ಪಿಯರನ 'ಹ್ಯಾಮ್ಲೆಟ್'ನಲ್ಲಿ ಅವರೇ ನಾಯಕ. ಆ ರೂಪಾಂತರದಲ್ಲಿ ಹ್ಯಾಮ್ಲೆಟ್ ಸಾಯುವುದಿಲ್ಲ, ಸಿಂಹಾಸನವನ್ನೇರುತ್ತಾನೆ. ಹಾಡುಗಳನ್ನು ಬಿಟ್ಟು ಆಡಲು ಹೊರಟಾಗ ಪ್ರೇಕ್ಷಕರು ಗಲಾಟೆ ಎಬ್ಬಿಸಿದರು. ಆಗ ಕವಿ ಅಹ್ಮದ್ ಶೌಖಿಯವರಿಂದ ಹಾಡು ಬರೆಸಿ ತಂದು, ಡೆನ್ಮಾರ್ಕಿನ ರಾಜಕುಮಾರನ ವೇಷದಲ್ಲೇ ಶೇಖ್ ಹಿಜಾಝಿ ಅರಬಿಯಲ್ಲಿ ಹಾಡಿದರು.