ರೇಖೆ ದಾಟಿದ ಮೇಲೆ

ಸೈಕಲ್ ಪಂದ್ಯದ ವಿಶ್ವ ಚಾಂಪಿಯನ್ನರ ಪಟ್ಟಿಯಲ್ಲಿ, 1931ರ ವೃತ್ತಿಪರ ಸ್ಪ್ರಿಂಟ್ ವಿಜೇತನೆಂದು ಇಂದಿಗೂ ಡೆನ್ಮಾರ್ಕಿನ ವಿಲಿ ಫಾಲ್ಕ್ ಹಾನ್ಸೆನ್‌ನ ಹೆಸರಿದೆ. ಅಂದು ಅಂತಿಮ ರೇಖೆಯನ್ನು ಮೊದಲು ದಾಟಿದವನು ಫ್ರಾನ್ಸಿನ ಲೂಸಿಯೆನ್ ಮಿಷಾರ್.

ಮಿಷಾರ್ ಹುಟ್ಟಿದ್ದು 1903ರಲ್ಲಿ, ಪ್ಯಾರಿಸಿನ ಮಗ್ಗುಲಿನ ಎಪಿನೇ-ಸುರ್-ಸೆನ್‌ನಲ್ಲಿ. 1923 ಮತ್ತು 1924ರಲ್ಲಿ ಹವ್ಯಾಸಿಗಳ ವಿಶ್ವ ಬಿರುದು ಅವನದಾಯಿತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ವ್ಯಾನ್ಸೆನ್ ವೆಲೊಡ್ರೋಮಿನಲ್ಲಿ, ಸ್ವದೇಶೀಯರ ಕಣ್ಣೆದುರೇ ಚಿನ್ನ ಗೆದ್ದ. ಅನಂತರ ವೃತ್ತಿಪರನಾಗಿ 1927ರಿಂದ 1930ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್.

ಸ್ಪ್ರಿಂಟ್ ಎಂದರೆ ಕೇವಲ ವೇಗವೆಂದು ತಿಳಿಯಬಾರದು. ಇದು ಕಾಲಿನಷ್ಟೇ ತಲೆಯ ಆಟ. ಮುಂದಿರುವವನು ಗಾಳಿಯನ್ನು ಸೀಳಬೇಕು. ಹಿಂದಿರುವವನು ಅವನ ಮರೆಯಲ್ಲಿ ಬಲ ಉಳಿಸಿಕೊಳ್ಳುತ್ತಾನೆ. ಆದ್ದರಿಂದ ಇಬ್ಬರೂ ಮೊದಮೊದಲು ಆಮೆಯಂತೆ ಸಾಗುತ್ತ, ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ಅಳೆಯುತ್ತಾರೆ. ಗಡಿಯಾರ ಲೆಕ್ಕಕ್ಕೆ ಹಿಡಿಯುವುದು ಕೊನೆಯ 200 ಮೀಟರುಗಳನ್ನು ಮಾತ್ರ. ಇಷ್ಟೆಲ್ಲ ಉಪಾಯದ ಫಲ ಕೆಲವೊಮ್ಮೆ ಅರ್ಧ ಚಕ್ರದ ಅಂತರ. ಅದನ್ನು ಕಾಣಬೇಕಾದದ್ದು ಆಗ ತೀರ್ಪುಗಾರನ ಬರಿಗಣ್ಣು.

1931ರ ಅಂತಿಮ ಪಂದ್ಯ ನಡೆದದ್ದು ಕೋಪನ್‌ಹೇಗನ್‌ನಲ್ಲಿ. ಹಾನ್ಸೆನ್ ತನ್ನ ದೇಶದ ನೆಲದಲ್ಲಿದ್ದ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನ 1000 ಮೀಟರ್ ಕಾಲಸ್ಪರ್ಧೆಯ ಚಿನ್ನ ಗೆದ್ದವನು, ಯಾವ ರೀತಿಯಲ್ಲೂ ಸಾಮಾನ್ಯನಲ್ಲ. ಆದರೂ ಮಿಷಾರ್ ಅವನನ್ನು ಹಿಂದಿಕ್ಕಿದ. ತೀರ್ಪುಗಾರ ಮಾತ್ರ ಹಾನ್ಸೆನ್ ಗೆದ್ದನೆಂದು ಸಾರಿದ. ತಪ್ಪು ಅವನ ಗಮನಕ್ಕೆ ಬಂತು. ಆದರೆ ಒಮ್ಮೆ ಘೋಷಿಸಿದ ತೀರ್ಪನ್ನು ಬದಲಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ!

ನಿಯಮಕ್ಕೂ ಒಂದು ನ್ಯಾಯವುಂಟು, ಒಪ್ಪೋಣ. ಪ್ರತಿ ತೀರ್ಪನ್ನೂ ಕೆದಕುತ್ತ ಹೋದರೆ ಯಾವ ಪಂದ್ಯವೂ ಮುಗಿಯದು. ಆದರೆ ಇಲ್ಲಿ ಕೆದಕುವುದಕ್ಕೆ ಏನೂ ಉಳಿದಿರಲಿಲ್ಲ. ವಾದಿಸುವ ಎದುರಾಳಿಯೊಬ್ಬನ ಮಾತನ್ನಲ್ಲ, ತನ್ನದೇ ತೀರ್ಪುಗಾರನ ತಿಳಿವನ್ನು ಆ ಸಂಸ್ಥೆ ಬದಿಗಿರಿಸಿತು. ಹಾನ್ಸೆನ್‌ನನ್ನು ದೂರುವುದೂ ಸಲ್ಲದು. ತೀರ್ಪು ಬರೆದವನು ಅವನಲ್ಲ.

ಐದನೆಯ ಬಿರುದಿಗೆ ಮಿಷಾರ್‌ಗೆ ಮತ್ತೆ ಎಡೆ ಸಿಗಲಿಲ್ಲ. 1932ರಿಂದ ಬೆಲ್ಜಿಯಮ್ಮಿನ ಯೆಫ್ ಶೇರನ್ಸ್ ಸತತ ಆರು ವರ್ಷ ಆ ಬಿರುದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಮಿಷಾರ್ ಹೆಸರು ಹೊತ್ತ ಸೈಕಲ್ಲುಗಳು ಮಾರುಕಟ್ಟೆಗೆ ಬಂದವು. ಅವನು ತೀರಿಕೊಂಡದ್ದು 1985ರಲ್ಲಿ.