ಗುಡಿ ಹೋಗಿ ಉಳಿದ ಹೊಂಡ

ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿಯನ್ನು ಸುತ್ತಲಿನವರು ಹೊಂಡವೆಂದೇ ಕರೆಯುತ್ತಾರೆ. ಕೆರೆಬಿಳಚಿ, ಬಸವಾಪಟ್ಟಣದ ಕಡೆಯಿಂದ ಮಕ್ಕಳುಮರಿಗಳೊಡನೆ ಸೂಳೆಕೆರೆ ನೋಡಲು ಹೊರಟವರು ಅದೇ ಸುತ್ತಿನಲ್ಲಿ ಇದನ್ನೂ ನೋಡಿಬರಬಹುದು. ಈ ಹೊಂಡ ರಂಗನಾಥಸ್ವಾಮಿಯ ದೇವಸ್ಥಾನಕ್ಕೆ ಸೇರಿದ್ದು. ಆ ದೇವಸ್ಥಾನ ಮಾತ್ರ ಈಗ ಅಲ್ಲಿಲ್ಲ.

ಗುಡಿಯನ್ನೂ ಹೊಂಡವನ್ನೂ ಕಟ್ಟಿಸಿದವನು ಪಾಳೆಯಗಾರ ಕೆಂಗ ಹನುಮಪ್ಪ ನಾಯಕ. ಕಾಲ ಹದಿನಾರನೆಯ ಶತಮಾನವೆಂದು ಹೇಳುವುದು ವಾಡಿಕೆ. ಈ ಮನೆತನದಲ್ಲಿ ಹನುಮಪ್ಪ ಎಂಬ ಹೆಸರು ಮತ್ತೆ ಮತ್ತೆ ಬರುವುದರಿಂದ ಒಬ್ಬನ ಕೆಲಸ ಇನ್ನೊಬ್ಬನ ಲೆಕ್ಕಕ್ಕೆ ಸೇರಿಬಿಡುವುದು ಸುಲಭ. ಬಸವಾಪಟ್ಟಣ, ಸಂತೆಬೆನ್ನೂರುಗಳನ್ನು ಆಳಿದ ಇದೇ ವಂಶದವರು ಮುಂದೆ ತರೀಕೆರೆಯ ಪಾಳೆಯಗಾರರೆನಿಸಿದರು.

ನಾಲ್ಕೂ ಬದಿಯಿಂದ ಕಲ್ಲಿನ ಮೆಟ್ಟಿಲುಗಳು ನೀರಿಗಿಳಿಯುತ್ತವೆ. ದಿಕ್ಪಾಲಕರ ಲೆಕ್ಕದಲ್ಲಿ ಸುತ್ತ ಎಂಟು ಮಂಟಪಗಳಿದ್ದವು, ಉಳಿದಿರುವುದು ಆರು. ನಟ್ಟನಡುವೆ, ನೀರಿನಲ್ಲಿ, ವಸಂತ ಮಂಟಪ. ಅಂತಸ್ತಿನ ಮೇಲೆ ಅಂತಸ್ತು ಕಿರಿದಾಗುತ್ತ ಏರುವ ಅದರ ಬಗೆ ಗುಡಿಯ ಶಿಖರದ್ದು. ಕಮಾನುಗಳು ಮಾತ್ರ ಸುಲ್ತಾನರ ನಾಡಿನವು. ಹಂಪಿಯ ಕಮಲ ಮಹಲಿನಲ್ಲಿಯೂ ಇಂಥದೇ ಬೆರಕೆಯಿದೆ. ದೇವರ ವಸಂತೋತ್ಸವಕ್ಕೆಂದು ಕಟ್ಟಿದ ಮಂಟಪಕ್ಕೆ ಕಮಾನು ಸಲ್ಲದೆಂದು ಆ ಕಾಲದ ನಾಯಕನಿಗಾಗಲಿ ಶಿಲ್ಪಿಗಾಗಲಿ ಅನ್ನಿಸಿರಲಿಲ್ಲ.

1637ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಈ ಸೀಮೆಗೆ ಬಂದ. ಅವನ ಕಣ್ಣಿದ್ದದ್ದು ಇಕ್ಕೇರಿಯ ವೀರಭದ್ರ ನಾಯಕನ ಮೇಲೆ. ವೀರಭದ್ರನ ಮೇಲಿನ ಹಗೆಯಿಂದ ಬಸವಾಪಟ್ಟಣದ ಹನುಮಪ್ಪನೇ ಬಿಜಾಪುರದ ಪಕ್ಷ ಹಿಡಿದಿದ್ದ. ಆ ನಂಟು ಬಹುಕಾಲ ಬಾಳಲಿಲ್ಲ. ರಣದುಲ್ಲಾ ಖಾನನ ಕಾಲದಲ್ಲಿ ರಂಗನಾಥನ ಗುಡಿ ಬಿದ್ದು, ಅದರ ಜಾಗದಲ್ಲಿ ಹೊಸ ಕಟ್ಟಡವೆದ್ದಿತೆಂದು ಸ್ಥಳೀಯ ಚರಿತ್ರೆ ಹೇಳುತ್ತದೆ. ಹೊಂಡದ ದಡದಲ್ಲಿ ಸಾಲುಗಮಾನುಗಳೊಡನೆ ನಿಂತಿರುವ ಅದನ್ನು ಕೆಲವರು ಮಸೀದಿಯೆನ್ನುತ್ತಾರೆ. ರೂಢಿಯ ಹೆಸರು ಮುಸಾಫಿರ್‌ಖಾನೆ, ಅಂದರೆ ದಾರಿಹೋಕರ ತಂಗುಮನೆ. ನಾಯಕರು ತಿರುಗಿಬಿದ್ದು ಸೇಡು ತೀರಿಸಿಕೊಂಡ ಕಥೆಯೂ ಊರಿನಲ್ಲಿದೆ.

ಒಂದೇ ನೆಲ ಕೈಯಿಂದ ಕೈಗೆ ಹೋಗುವುದು ಬೇರೆಡೆಯೂ ಉಂಟು. ಅಥೆನ್ಸಿನ ಪಾರ್ಥೆನಾನ್ ಮೊದಲು ಅಥೀನಾ ದೇವಿಯ ಗುಡಿ, ಆಮೇಲೆ ಚರ್ಚು, ಆಮೇಲೆ ಮಸೀದಿ. 1687ರಲ್ಲಿ ತುರ್ಕರು ಅಲ್ಲಿ ತುಂಬಿಟ್ಟಿದ್ದ ಮದ್ದಿಗೆ ವೆನಿಸ್ ಸೇನೆಯ ಗುಂಡು ಬಿದ್ದು ಕಟ್ಟಡ ಸಿಡಿಯಿತು. ಅಲ್ಲಿ ಗುಡಿಯ ಕಂಬಗಳು ಉಳಿದವು. ಸಂತೆಬೆನ್ನೂರಿನಲ್ಲಿ ಉಳಿದದ್ದು ಗುಡಿಯ ಹೊಂಡ. ಇಂದು ಹೊಂಡವೂ ಮುಸಾಫಿರ್‌ಖಾನೆಯೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ.