ಕ್ಯಾನ್ಸರ್ ಆಪರೇಷನ್ ಆದ ಮೇಲೂ ಹತೋಟಿಗೆ ಬಾರದ ಹೊಟ್ಟೆ: ಹೋಮಿಯೋಪತಿ ಗುಳಿಗೆಯಿಂದ ಏನಾಗುತ್ತೆ, ಏನಾಗಲ್ಲ?

ಇಂದಿರಾನಗರ: ಆಪರೇಷನ್ ಚೆನ್ನಾಗಿ ಆಯ್ತು, ಗಡ್ಡೆ ತೆಗೆದರು, ಸ್ಕ್ಯಾನ್‌ನಲ್ಲೂ ಏನೂ ಇಲ್ಲ ಅಂದರು. ಆದರೂ ಬೆಳಗ್ಗೆ ಎದ್ದರೆ ಐದಾರು ಸಲ ಟಾಯ್ಲೆಟ್. ಹೋಗಿ ಬಂದು ಹತ್ತು ನಿಮಿಷಕ್ಕೆ ಮತ್ತೆ ಅವಸರ. ಗ್ಯಾಸ್ ಹೋಗುತ್ತೋ, ಮಲವೇ ಹೋಗುತ್ತೋ ಗೊತ್ತಾಗದ ಭಯ. ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್ ಆದವರಲ್ಲಿ ಇದು ತೀರಾ ಸಾಮಾನ್ಯ. ಬಾಯಿಬಿಟ್ಟು ಹೇಳೋರು ಮಾತ್ರ ಕಡಿಮೆ.

ಅಂಗಡಿ ಇಟ್ಟವರ ಕಷ್ಟವಂತೂ ಕೇಳಲೇಬೇಡಿ. ಗಲ್ಲಾ ಬಿಟ್ಟು ಎದ್ದು ಹೋಗುವಂತಿಲ್ಲ, ಸಿ.ಎಂ.ಎಚ್. ರಸ್ತೆಯಲ್ಲೋ ತಿಪ್ಪಸಂದ್ರ ಮಾರ್ಕೆಟ್‌ನಲ್ಲೋ ಪುಟ್ಟ ಮಳಿಗೆ ಇದ್ದವರಿಗೆ ಸ್ವಂತ ಟಾಯ್ಲೆಟ್ ಇರುವುದೂ ಅಪರೂಪ. ಹೀಗಿರುವಾಗ ಯಾರೋ "ಹೋಮಿಯೋಪತಿ ತಗೊಳ್ಳಿ, ಸೈಡ್ ಎಫೆಕ್ಟ್ ಇಲ್ಲ" ಅಂತಾರೆ. ತಗೊಳ್ಳಬಹುದಾ? ಅದರಿಂದ ವಾಸಿ ಆಗುತ್ತಾ? ಎರಡೂ ಬೇರೆ ಬೇರೆ ಪ್ರಶ್ನೆಗಳು. ಮೊದಲು ತೊಂದರೆ ಯಾಕೆ ಬರುತ್ತೆ ಅನ್ನೋದು ತಿಳಿಯೋಣ.

ಕರುಳಿನಲ್ಲಿ ಆಗಿರುವುದೇನು?

ಗುದನಾಳ ಅನ್ನೋದು ಮಲ ಬಂದು ನಿಲ್ಲುವ ಚೀಲ ಇದ್ದ ಹಾಗೆ. ತುಂಬಿದಾಗ ಹಿಗ್ಗುತ್ತೆ, ನಾವು ಹೋಗುವ ತನಕ ತಡೆದುಕೊಳ್ಳುತ್ತೆ. ಅಲ್ಲಿನ ಕ್ಯಾನ್ಸರ್ ತೆಗೆಯುವಾಗ ಆ ಚೀಲದ ಭಾಗವೂ ಹೋಗುತ್ತೆ. ಮೇಲಿನ ಕರುಳನ್ನು ಎಳೆದು ಕೆಳಗೆ ಜೋಡಿಸುತ್ತಾರೆ. ಆದರೆ ಆ ಕರುಳಿಗೆ ಹಿಗ್ಗುವ, ಕಾಯುವ ಅಭ್ಯಾಸ ಇಲ್ಲ. ಸುತ್ತಲಿನ ನರಗಳಿಗೂ ಪೆಟ್ಟು ಬಿದ್ದಿರಬಹುದು. ರೇಡಿಯೇಷನ್ ಕೊಟ್ಟಿದ್ದರೆ ಜಾಗ ಗಡುಸಾಗಿರುತ್ತೆ. ಪದೇ ಪದೇ ಹೋಗುವುದು, ತಡೆಯಲಾಗದ ಅವಸರ, ಸೋರುವಿಕೆ, ಪೂರ್ತಿ ಹೋಗಿಲ್ಲ ಅನ್ನೋ ಭಾವನೆ ಎಲ್ಲ ಇದರಿಂದಲೇ ಬರುತ್ತೆ. ವೈದ್ಯರು ಇದಕ್ಕೆ ಲೋ ಆ್ಯಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್ ಅಂತಾರೆ, ಚಿಕ್ಕದಾಗಿ ಲಾರ್ಸ್.

ಲಾರ್ಸ್ ಎಷ್ಟಿದೆ ಅಂತ ಅಳೆಯೋಕೆ 2012ರಲ್ಲಿ ಡೆನ್ಮಾರ್ಕ್‌ನ ವೈದ್ಯರು ಐದು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಗ್ಯಾಸ್ ಹತೋಟಿಯಲ್ಲಿದೆಯಾ, ನೀರಾದ ಮಲ ಸೋರುತ್ತಾ, ದಿನಕ್ಕೆ ಎಷ್ಟು ಸಲ, ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತಾ, ಓಡಿ ಹೋಗುವಷ್ಟು ಅವಸರ ಆಗುತ್ತಾ. ಒಟ್ಟು 42 ಅಂಕ. 20ರವರೆಗೆ ತೊಂದರೆ ಇಲ್ಲ, 21ರಿಂದ 29 ಸಣ್ಣ ಪ್ರಮಾಣದ್ದು, 30 ಅಥವಾ ಅದಕ್ಕಿಂತ ಹೆಚ್ಚಾದರೆ ದೊಡ್ಡದು. ದಿನಕ್ಕೆ ಎಷ್ಟು ಸಲ ಅನ್ನೋದಕ್ಕಿಂತ ಅವಸರಕ್ಕೇ ಇದರಲ್ಲಿ ಹೆಚ್ಚು ಅಂಕ. ಕಷ್ಟ ಪಟ್ಟವರನ್ನೇ ಕೇಳಿ ಮಾಡಿದ ಪಟ್ಟಿ ಅಂತ ಇದರಿಂದಲೇ ಗೊತ್ತಾಗುತ್ತೆ.

ಬಲಗಡೆಯ ದೊಡ್ಡ ಕರುಳು ತೆಗೆದವರ ಕತೆ ಬೇರೆ. ಅಲ್ಲಿ ಸಣ್ಣ ಕರುಳಿನ ಕೊನೆ ಭಾಗವೂ ಹೋಗಿರುತ್ತೆ. ಪಿತ್ತರಸವನ್ನು ಹೀರಿ ವಾಪಸ್ ಕಳಿಸುವುದು ಆ ಭಾಗ. ಅದು ಇಲ್ಲದಿದ್ದರೆ ಪಿತ್ತರಸ ದೊಡ್ಡ ಕರುಳಿಗೆ ಇಳಿದು ನೀರು ನೀರಾಗಿ ಭೇದಿ. ಇದಕ್ಕೆ ಕೊಲೆಸ್ಟಿರಮೀನ್ ಅನ್ನೋ ಪುಡಿ ಇದೆ, ಸರಿಯಾಗಿ ಗುರುತಿಸಿ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತೆ. ಬಿ-12 ವಿಟಮಿನ್ ಹೀರುವುದೂ ಅದೇ ಭಾಗವಾದ್ದರಿಂದ ಕೆಲವರಿಗೆ ಇಂಜೆಕ್ಷನ್ ಬೇಕಾಗುತ್ತೆ. ಇನ್ನು ಕೀಮೋ ಗುಳಿಗೆ ಕ್ಯಾಪೆಸಿಟಾಬಿನ್, ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಇವೂ ಭೇದಿ ಮಾಡಿಸುತ್ತವೆ. ಭೇದಿ ಅಂದ ತಕ್ಷಣ ಎಲ್ಲವೂ ಒಂದೇ ಅಲ್ಲ. ಯಾವುದರಿಂದ ಬಂತು ಅಂತ ನೋಡದೆ ಗುಳಿಗೆ ಕೊಟ್ಟರೆ, ಅದು ಯಾವ ಪದ್ಧತಿಯದ್ದೇ ಆಗಿರಲಿ, ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಹೋಮಿಯೋಪತಿ ಹೇಳುವುದೇನು?

ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. 1880ರಲ್ಲಿ ಜರ್ಮನ್ ಪಾದ್ರಿ ಫಾದರ್ ಆಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದರು. ಇವತ್ತು ಅದೇ ಹೆಸರಿನ ಹೋಮಿಯೋಪತಿ ಕಾಲೇಜು ದೇರಳಕಟ್ಟೆಯಲ್ಲಿದೆ. ಬೆಂಗಳೂರಿನಲ್ಲಿ ಬಸವೇಶ್ವರನಗರದ ಸರ್ಕಾರಿ ಹೋಮಿಯೋಪಥಿಕ್ ಕಾಲೇಜು ಮತ್ತು ಆಸ್ಪತ್ರೆ ಇದೆ. ದೇಶದಲ್ಲಿ ಇದು ಕಾನೂನು ಮಾನ್ಯತೆ ಪಡೆದ ಪದ್ಧತಿ, ಬಿ.ಎಚ್.ಎಂ.ಎಸ್. ಓದೋಕೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಕಾನೂನು ಮಾನ್ಯತೆ ಇದೆ ಅಂದರೆ ಎಲ್ಲ ಕಾಯಿಲೆಗೂ ಗುಣ ಇದೆ ಅಂತಲ್ಲ, ಅದು ಬೇರೆ ಮಾತು.

1796ರಲ್ಲಿ ಜರ್ಮನಿಯ ಹಾನೆಮನ್ ಹೇಳಿದ ತತ್ವ ಸರಳ: ಆರೋಗ್ಯವಂತರಲ್ಲಿ ಯಾವ ಲಕ್ಷಣ ತರುತ್ತದೋ, ಅದನ್ನೇ ತೀರಾ ತೆಳು ಮಾಡಿ ಕೊಟ್ಟರೆ ಆ ಲಕ್ಷಣ ಇರುವ ರೋಗಿಗೆ ವಾಸಿ. ಅವಸರ ಮತ್ತು ಸೋರುವಿಕೆ ಇದ್ದರೆ ಲೋಳೆಸರದಿಂದ ಮಾಡಿದ ಅಲೋ, ಬೆಳಗಿನ ಜಾವದ ಭೇದಿಗೆ ಪೋಡೋಫೈಲಮ್, ಪದೇ ಪದೇ ಹೋದರೂ ಪೂರ್ತಿ ಆಗದಿದ್ದರೆ ನಕ್ಸ್ ವೋಮಿಕಾ, ಆಪರೇಷನ್ ನಂತರದ ಗ್ಯಾಸ್‌ಗೆ ಮೂಲಂಗಿಯ ರಾಫಾನಸ್, ಸುಸ್ತಿಗೆ ಚೈನಾ. ಹೋಮಿಯೋಪತಿ ವೈದ್ಯರು ಸಾಮಾನ್ಯವಾಗಿ ಇವುಗಳಿಂದ ಆರಿಸುತ್ತಾರೆ.

ಬಾಟಲಿ ಮೇಲೆ 30 ಸಿ ಅಂತ ಇದ್ದರೆ, ನೂರು ಪಟ್ಟು ತೆಳು ಮಾಡುವ ಕೆಲಸವನ್ನು 30 ಸಲ ಮಾಡಿದ್ದಾರೆ ಅಂತ ಅರ್ಥ. ನಮ್ಮ ಹಲಸೂರು ಕೆರೆಗೆ ಒಂದು ಹನಿ ಹಾಕಿ ಪೂರ್ತಿ ಕಲಕಿದರೆ ಲೆಕ್ಕಕ್ಕೆ ಸಿಗುವುದು 6-7 ಸಿ ಆಸುಪಾಸು. 12 ಸಿ ದಾಟಿದ ಮೇಲೆ ಮೂಲ ಪದಾರ್ಥದ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವೇ ಇಲ್ಲ ಅನ್ನಬಹುದು. ಸೈಡ್ ಎಫೆಕ್ಟ್ ಇಲ್ಲ ಅನ್ನೋ ಮಾತು ಹೆಚ್ಚಿನ ಮಟ್ಟಿಗೆ ನಿಜ ಆಗಿರುವುದೂ ಇದಕ್ಕೇ. ಆದರೆ ಮದರ್ ಟಿಂಕ್ಚರ್, 3 ಎಕ್ಸ್ ತರಹದವು ಹಾಗಲ್ಲ. ಅವುಗಳಲ್ಲಿ ಮೂಲ ಪದಾರ್ಥ ಇರುತ್ತೆ, ಟಿಂಕ್ಚರ್‌ನಲ್ಲಿ ಆಲ್ಕೋಹಾಲ್ ಕೂಡ. ಕೀಮೋ ನಡೀತಿರುವಾಗ ಕ್ಯಾನ್ಸರ್ ವೈದ್ಯರಿಗೆ ತೋರಿಸದೆ ಅವನ್ನು ಮುಟ್ಟಬೇಡಿ.

ಪರೀಕ್ಷೆ ಮಾಡಿ ನೋಡಿದ್ದಾರಾ?

ಮಾಡಿದ್ದಾರೆ. ಈ ವಿಷಯಕ್ಕೆ ಹತ್ತಿರದ್ದು ಫ್ರಾನ್ಸ್‌ನದು. ಹೊಟ್ಟೆ ಆಪರೇಷನ್ ಆದ ಮೇಲೆ ಗ್ಯಾಸ್ ಬೇಗ ಹೋಗಿ ಕರುಳು ಬೇಗ ಚಾಲೂ ಆಗುತ್ತೆ ಅಂತ ಕೆಲವು ಸಣ್ಣ ಅಧ್ಯಯನಗಳು ಹೇಳಿದ್ದವು. ಸರಿ, ಗಟ್ಟಿಯಾಗಿ ನೋಡೋಣ ಅಂತ 1980ರ ದಶಕದಲ್ಲಿ ಅಲ್ಲಿ 600 ರೋಗಿಗಳ ಮೇಲೆ ಓಪಿಯಂ ಮತ್ತು ರಾಫಾನಸ್ ಪರೀಕ್ಷಿಸಿದರು. ಯಾರಿಗೆ ಔಷಧ, ಯಾರಿಗೆ ಬರೀ ಸಕ್ಕರೆ ಗುಳಿಗೆ ಅನ್ನೋದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಫಲಿತಾಂಶ: ವ್ಯತ್ಯಾಸ ಇಲ್ಲ.

ಕ್ಯಾನ್ಸರ್ ಚಿಕಿತ್ಸೆಯ ಅಡ್ಡ ಪರಿಣಾಮಗಳಿಗೆ ಹೋಮಿಯೋಪತಿ ಬಗ್ಗೆ ಕಾಕ್ರೇನ್ ಸಂಸ್ಥೆ 2009ರಲ್ಲಿ ಎಂಟು ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ರೇಡಿಯೇಷನ್‌ನಿಂದ ಸುಟ್ಟ ಚರ್ಮಕ್ಕೆ ಕ್ಯಾಲೆಂಡುಲಾ ಮುಲಾಮು, ಕೀಮೋದ ಬಾಯಿಹುಣ್ಣಿಗೆ ಒಂದು ಬಾಯಿ ತೊಳೆಯುವ ದ್ರಾವಣ, ಇವೆರಡರ ಬಗ್ಗೆ ಸ್ವಲ್ಪ ಭರವಸೆ ಇದೆ, ಇನ್ನೂ ಪರೀಕ್ಷೆ ಬೇಕು ಅಂದಿತು. ಉಳಿದದ್ದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಐ.ಬಿ.ಎಸ್. ಅನ್ನೋ ಕರುಳಿನ ತೊಂದರೆಗೆ ನಮ್ಮ ಅಡುಗೆಮನೆಯ ಇಂಗಿನಿಂದಲೇ ಮಾಡಿದ ಹೋಮಿಯೋಪತಿ ಔಷಧವನ್ನು 1970ರ ದಶಕದಲ್ಲಿ ಜರ್ಮನಿಯಲ್ಲಿ ನೋಡಿದ್ದರು. ಸ್ವಲ್ಪ ಅನುಕೂಲ ಕಂಡರೂ ಅಧ್ಯಯನದ ಗುಣಮಟ್ಟ ಸಾಲದು, ಏನೂ ಹೇಳಲಾಗದು ಅಂತ ಕಾಕ್ರೇನ್ ಬರೆಯಿತು. 2015ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ, ಹೋಮಿಯೋಪತಿ ಪರಿಣಾಮಕಾರಿ ಅನ್ನಲು ನಂಬಬಹುದಾದ ಆಧಾರ ಇರುವ ಒಂದು ಕಾಯಿಲೆಯೂ ಇಲ್ಲ ಅಂದಿತು. ಹೋಮಿಯೋಪತಿ ಕಡೆಯವರು ಆ ವರದಿಯನ್ನು ಒಪ್ಪುವುದಿಲ್ಲ.

ಹಾಗಾದರೆ ಕೆಲವರಿಗೆ ಗುಣ ಕಂಡಿದ್ದು ಸುಳ್ಳಾ?

ಸುಳ್ಳಲ್ಲ. ಗುಣ ಆಗಿರುತ್ತೆ, ಕಾರಣ ಬೇರೆ ಇರಬಹುದು. ಆಪರೇಷನ್ ಆದ ಮೊದಲ ಒಂದು, ಒಂದೂವರೆ ವರ್ಷದಲ್ಲಿ ಕರುಳು ತಾನೇ ಎಷ್ಟೋ ಹೊಂದಿಕೊಳ್ಳುತ್ತೆ. ಆರು ತಿಂಗಳು ಕಾದು ಬೇಸತ್ತು ಗುಳಿಗೆ ಶುರು ಮಾಡಿದವರಿಗೆ ಒಂಬತ್ತನೇ ತಿಂಗಳಲ್ಲಿ ಸುಧಾರಿಸಿದರೆ ಹೆಸರು ಗುಳಿಗೆಗೆ ಬರುತ್ತೆ.

ಇನ್ನೊಂದು ಸ್ವಾರಸ್ಯ ಪಥ್ಯದ್ದು. ಹೋಮಿಯೋಪತಿ ವೈದ್ಯರು ಹೆಚ್ಚಾಗಿ ಕಾಫಿ ಬಿಡಿ, ಹಸಿ ಈರುಳ್ಳಿ ಬೆಳ್ಳುಳ್ಳಿ ಬಿಡಿ ಅಂತಾರೆ. ಅವರು ಹೇಳೋದು ಔಷಧ ಕೆಡಬಾರದು ಅಂತ. ಆದರೆ ಕಾಫಿ ದೊಡ್ಡ ಕರುಳನ್ನು ಕೆರಳಿಸುತ್ತೆ, ಈರುಳ್ಳಿ ಬೆಳ್ಳುಳ್ಳಿ ಗ್ಯಾಸ್ ಮಾಡುತ್ತೆ. ದಿನಕ್ಕೆ ನಾಲ್ಕು ಫಿಲ್ಟರ್ ಕಾಫಿ ಕುಡಿಯೋರು ಅದನ್ನು ನಿಲ್ಲಿಸಿದರೆ ಗುಳಿಗೆ ಇಲ್ಲದೆಯೂ ಅವಸರ ಕಡಿಮೆ ಆಗಬಹುದು. ಬೇಕಿದ್ದರೆ ಎರಡು ವಾರ ಪಥ್ಯ ಮಾತ್ರ ಮಾಡಿ ನೋಡಿ.

ಮೂರನೆಯದು ನಮ್ಮ ದೊಡ್ಡಾಸ್ಪತ್ರೆಗಳಿಗೆ ಸ್ವಲ್ಪ ಚುಚ್ಚುವಂಥದ್ದು. ಒ.ಪಿ.ಡಿ.ಯಲ್ಲಿ ಐದು ನಿಮಿಷ ಸಿಗೋದೇ ಕಷ್ಟ, ಅದರಲ್ಲಿ ಸ್ಕ್ಯಾನ್ ರಿಪೋರ್ಟ್ ನೋಡೋಕೇ ಸಮಯ ಸಾಲಲ್ಲ. ಹೋಮಿಯೋಪತಿಯವರು ಮುಕ್ಕಾಲು ಗಂಟೆ ಕೂರಿಸಿ ಎಷ್ಟು ಸಲ ಹೋಗ್ತೀರಿ, ಹೇಗೆ ಹೋಗುತ್ತೆ, ನಿದ್ದೆ ಬರುತ್ತಾ ಅಂತೆಲ್ಲ ಕೇಳ್ತಾರೆ. ಯಾರೂ ಕೇಳದ್ದನ್ನು ಕೇಳಿದಾಗ ಮನಸ್ಸು ಹಗುರಾಗುತ್ತೆ. ಕರುಳಿಗೂ ಮನಸ್ಸಿಗೂ ನಂಟು ಇದ್ದೇ ಇದೆ.

ಕೆಲಸ ಮಾಡುವ ಉಪಾಯಗಳು

ಲಾರ್ಸ್‌ಗೆ ಒಂದೇ ಏಟಿಗೆ ವಾಸಿ ಮಾಡುವ ಔಷಧ ಇಂಗ್ಲಿಷ್ ಮೆಡಿಸಿನ್‌ನಲ್ಲೂ ಇಲ್ಲ. ಆದರೆ ಹತೋಟಿಗೆ ತರುವ ದಾರಿಗಳಿವೆ. ಲೋಪೆರಮೈಡ್ ಗುಳಿಗೆ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಂಡರೆ ಕರುಳಿನ ಓಟ ನಿಧಾನ ಆಗುತ್ತೆ. ಎಷ್ಟು ಅಂತ ವೈದ್ಯರು ಹೇಳಬೇಕು, ಜ್ವರ ಅಥವಾ ರಕ್ತ ಇದ್ದಾಗ ತಗೊಳ್ಳಬಾರದು. ಇಸಬ್ಗೋಲ್ ಮಲಬದ್ಧತೆಗೆ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ. ನೀರಾದ ಮಲವನ್ನು ಗಟ್ಟಿ ಮಾಡೋಕೂ ಅದು ಆಗುತ್ತೆ. ಆದರೆ ಜೋಡಿಸಿದ ಜಾಗ ಕಿರಿದಾಗಿದ್ದರೆ ಅಪಾಯ, ಅದಕ್ಕೇ ಮೊದಲು ಸರ್ಜನ್ ಹತ್ತಿರ ಕೇಳಿ.

ಗುದದ್ವಾರದ ಸ್ನಾಯು ಬಿಗಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿ ಕಲಿಯಬೇಕು, ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಇಷ್ಟಕ್ಕೂ ಬಗ್ಗದಿದ್ದರೆ ಗುದದ್ವಾರದ ಮೂಲಕ ಉಗುರು ಬೆಚ್ಚಗಿನ ನೀರು ಬಿಟ್ಟು ಕರುಳು ಖಾಲಿ ಮಾಡುವ ವಿಧಾನ ಇದೆ. ಆಸ್ಪತ್ರೆಯಲ್ಲಿ ಕಲಿತ ಮೇಲೆ ಮನೆಯಲ್ಲೇ ಮಾಡಿಕೊಳ್ಳಬಹುದು. ಬೆಳಗ್ಗೆ ಒಮ್ಮೆ ಮಾಡಿ ಅಂಗಡಿಗೆ ಹೋದರೆ ಗಂಟೆಗಟ್ಟಲೆ ನೆಮ್ಮದಿ. ಕೇಳೋಕೆ ಮುಜುಗರ, ಆದರೆ ದೊಡ್ಡ ಲಾರ್ಸ್ ಇರುವವರಿಗೆ ಇದು ತುಂಬಾ ಉಪಯೋಗ. ಸೊಂಟದ ನರಕ್ಕೆ ಸಣ್ಣ ಯಂತ್ರ ಕೂರಿಸುವ ಚಿಕಿತ್ಸೆಯೂ ಇದೆ, ದುಬಾರಿ.

ಊಟದ ವಿಷಯಕ್ಕೆ ಬಂದರೆ ಒಬ್ಬರಿಗೆ ಆಗಿದ್ದು ಇನ್ನೊಬ್ಬರಿಗೆ ಆಗಲ್ಲ. ಅನ್ನ, ಗಂಜಿ, ಬಾಳೆಹಣ್ಣು ಹೆಚ್ಚಿನವರಿಗೆ ಒಗ್ಗುತ್ತೆ. ಅವರೆಕಾಳು, ಹುರುಳಿ, ಎಲೆಕೋಸು, ಖಾರ, ಎಣ್ಣೆ ಪದಾರ್ಥ ಕೆರಳಿಸುತ್ತೆ. ಅವರೆ ಸೀಸನ್‌ನಲ್ಲಿ ಇದು ಹೇಳುವಷ್ಟು ಸುಲಭ ಅಲ್ಲ ಅಂತ ಗೊತ್ತು. ಹೊಟ್ಟೆ ಮೇಲೆ ಬ್ಯಾಗ್ ಇರುವವರು, ಅದರಲ್ಲೂ ಸಣ್ಣ ಕರುಳಿನದು, ಭೇದಿ ಹೆಚ್ಚಾದರೆ ಬರೀ ನೀರು ಕುಡಿಯದೆ ಒ.ಆರ್.ಎಸ್. ಕುಡಿಯಬೇಕು. ಮೂತ್ರ ಕಡಿಮೆ ಆದರೆ ಅವತ್ತೇ ಆಸ್ಪತ್ರೆಗೆ.

ಗುಳಿಗೆ ನಂಬಿ ಕಾಯಬಾರದ ಹೊತ್ತು

ಈ ಬರಹ ಬರೆದಿದ್ದೇ ಇದಕ್ಕಾಗಿ. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣ ಇಲ್ಲದೆ ತೂಕ ಇಳಿಯುವುದು, ಸರಿ ಇದ್ದ ಹೊಟ್ಟೆ ಮತ್ತೆ ಹಠಾತ್ ಬದಲಾಗುವುದು, ಜ್ವರ. ಇವು ಕ್ಯಾನ್ಸರ್ ಮರುಕಳಿಸಿರುವ, ಸೋಂಕಿನ ಅಥವಾ ರೇಡಿಯೇಷನ್ ಗಾಯದ ಸೂಚನೆ ಇರಬಹುದು. ಹೊಟ್ಟೆ ಉಬ್ಬಿ, ನುಲಿಯುವ ನೋವು, ವಾಂತಿ, ಗ್ಯಾಸೂ ಹೋಗುತ್ತಿಲ್ಲ ಅಂದರೆ ಕರುಳು ಕಟ್ಟಿಕೊಂಡಿರಬಹುದು. ಅದು ಎಮರ್ಜೆನ್ಸಿ, ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು. ಕ್ಯಾಪೆಸಿಟಾಬಿನ್ ತಗೊಳ್ಳುವಾಗ ಭೇದಿ ಜೋರಾದರೆ ಮುಂದಿನ ಗುಳಿಗೆ ನುಂಗುವ ಮುಂಚೆ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ.

ರಕ್ತ ಕಂಡರೆ ನಮ್ಮಲ್ಲಿ ಮೊದಲು ಬರುವ ಮಾತು "ಮೂಲವ್ಯಾಧಿ ಇರಬೇಕು". ಕಂಬಗಳ ಮೇಲೆ ಗ್ಯಾರಂಟಿ ಚಿಕಿತ್ಸೆಯ ಬೋರ್ಡ್ ಬೇಕಾದಷ್ಟಿವೆ. ಕ್ಯಾನ್ಸರ್ ಆಪರೇಷನ್ ಆದವರು ಅತ್ತ ಹೋಗಲೇಬಾರದು. ಕ್ಯಾನ್ಸರ್ ಗುಣ ಮಾಡ್ತೀವಿ ಅಂತ ಜಾಹೀರಾತು ಹಾಕುವುದು 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಪ್ರಕಾರ ಅಪರಾಧ ಕೂಡ.

ಹೋಮಿಯೋಪತಿ ತಗೊಳ್ಳಲೇಬೇಕು ಅನ್ನಿಸಿದರೆ ಬಿ.ಎಚ್.ಎಂ.ಎಸ್. ನೋಂದಣಿ ಇರುವ ವೈದ್ಯರ ಹತ್ತಿರ ಹೋಗಿ, ಡಿಸ್ಚಾರ್ಜ್ ಸಮ್ಮರಿ ತೋರಿಸಿ, ಕೊಟ್ಟ ಔಷಧದ ಹೆಸರು ಬರೆಸಿಕೊಳ್ಳಿ. "ಇಂಗ್ಲಿಷ್ ಮೆಡಿಸಿನ್ ನಿಲ್ಲಿಸಿ, ಸ್ಕ್ಯಾನ್ ಬೇಡ" ಅಂದರೆ ಎದ್ದು ಬನ್ನಿ. ಸಿ.ಇ.ಎ. ರಕ್ತ ಪರೀಕ್ಷೆ, ಸಿ.ಟಿ. ಸ್ಕ್ಯಾನ್, ವೈದ್ಯರು ಹೇಳಿದ ಹೊತ್ತಿಗೆ ಕೊಲೊನೋಸ್ಕೋಪಿ ಯಾವುದೂ ತಪ್ಪಬಾರದು.

ಎಲ್ಲಿ ಕೇಳಬೇಕು?

ಮೊದಲು ಆಪರೇಷನ್ ಮಾಡಿದ ಆಸ್ಪತ್ರೆಯಲ್ಲೇ. ಈ ಭಾಗದ ಬಹಳ ಜನ 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆಗೆ ಹೋಗುತ್ತಾರೆ. ಸುಸ್ತು, ನೀರಿನಂಶ ಕಡಿಮೆ ಆದಾಗ ಹತ್ತಿರಕ್ಕೆ ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಶಿವಾಜಿನಗರದ ಬೌರಿಂಗ್ ಇವೆ. ಅಂಗಡಿ, ಕಾರ್ಖಾನೆ ಕೆಲಸದವರಿಗೆ ಇ.ಎಸ್.ಐ. ಕಾರ್ಡ್ ಇದ್ದರೆ ಇಂದಿರಾನಗರದ ಇ.ಎಸ್.ಐ. ಆಸ್ಪತ್ರೆ.

ಹೋಗುವ ಮುಂಚೆ ಒಂದು ವಾರ ಹಾಳೆಯಲ್ಲಿ ಲೆಕ್ಕ ಬರೆಯಿರಿ: ದಿನಕ್ಕೆ ಎಷ್ಟು ಸಲ, ರಾತ್ರಿ ಎಷ್ಟು, ಸೋರಿತಾ, ಏನು ತಿಂದ ಮೇಲೆ, ಯಾವ ಯಾವ ಗುಳಿಗೆ, ಹೋಮಿಯೋಪತಿ ಸೇರಿ. ವೈದ್ಯರ ಮೇಜಿನ ಮೇಲೆ ಆ ಹಾಳೆ ಇಟ್ಟು "ಡಾಕ್ಟ್ರೇ, ನನಗೆ ಲಾರ್ಸ್ ಇದೆಯಾ ನೋಡಿ" ಅಂತ ನೇರ ಕೇಳಿ. ಐದು ನಿಮಿಷದಲ್ಲೂ ಅಷ್ಟು ಆಗುತ್ತೆ. ಹೊರಗೆ ಓಡಾಡುವಾಗ ಒಂದು ಜೊತೆ ಒಳ ಉಡುಪು, ಪ್ಯಾಡ್ ಚೀಲದಲ್ಲಿರಲಿ. ಮೆಟ್ರೋ ನಿಲ್ದಾಣದಲ್ಲಿ ಟಾಯ್ಲೆಟ್ ಎಲ್ಲಿದೆ ಅಂತ ಸಿಬ್ಬಂದಿಯನ್ನು ಕೇಳಿದರೆ ಹೇಳುತ್ತಾರೆ, ಪೆಟ್ರೋಲ್ ಬಂಕ್‌ನಲ್ಲೂ ಕೇಳಬಹುದು. ದಿನಾ ಓಡಾಡುವ ದಾರಿಯಲ್ಲಿ ಯಾವುದು ಎಷ್ಟು ಗಂಟೆ ತನಕ ತೆರೆದಿರುತ್ತೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.